ಸಗರನಾಡಿನ ಗುಡ್ಡದ ದಾರಿ: ಯಾದಗಿರಿಯಿಂದ ಸುರಪುರಕ್ಕೆ

1/7
ವೀಕೆಂಡ್ ರೈಡ್ ಅಂದ್ರೆ ಎಲ್ಲರೂ ಆಗುಂಬೆ, ಚಾರ್ಮಾಡಿ ಅಂತಾರೆ. "ನಿಮ್ಮ ಕಡೆ ಏನೈತ್ರಿ ನೋಡಾಕ?" ಅಂತ ಕೇಳೋರಿಗಾಗಿ ಈ ಸರಣಿ.

ಯಾದಗಿರಿ, ಶಹಾಪುರ, ಸುರಪುರ. ಶನಿವಾರ ನಸುಕಿಗೆ ಬೈಕ್ ತೆಗೆದರೆ ಭಾನುವಾರ ಸಂಜೆಗೆ ಮುಗಿಯುವ ದಾರಿ. ಇಲ್ಲಿ ಮಂಜಿಲ್ಲ, ದಟ್ಟ ಕಾಡಿಲ್ಲ. ತೊಗರಿ, ಹತ್ತಿ ಬೆಳೆಯುವ ಎರಿ ಹೊಲಗಳ ನಡುವೆ ಇದ್ದಕ್ಕಿದ್ದಂತೆ ಎದ್ದು ನಿಲ್ಲುವ ಬಂಡೆಗುಡ್ಡಗಳಿವೆ, ಅವುಗಳ ಸಂದಿಯಲ್ಲಿ ನುಸುಳುವ ರಸ್ತೆಗಳಿವೆ. ಎತ್ತರದಲ್ಲಿ ಇವು ಸಹ್ಯಾದ್ರಿಗೆ ಸಾಟಿಯಲ್ಲ, ಖರೆ. ಆದರೆ 1705ರಲ್ಲಿ ಇದೇ ಗುಡ್ಡಗಳು ಔರಂಗಜೇಬನನ್ನು ಸುಮಾರು ಮೂರು ತಿಂಗಳು ತಡೆದು ನಿಲ್ಲಿಸಿದ್ದವು. ಅದೇ ಗುಡ್ಡಗಳು 1858ರಲ್ಲಿ ಒಂದೇ ರಾತ್ರಿಯಲ್ಲಿ ಕೈಬಿಟ್ಟವು. ಯಾಕೆ? ಈ ಪ್ರಶ್ನೆ ಇಟ್ಟುಕೊಂಡೇ ಹೋಗೂಣ ಬರ್ರಿ.

2/7
ಶುರು ಯಾದಗಿರಿ ಕೋಟೆಯಿಂದ. ಊರಿನ ನೆತ್ತಿಯ ಮೇಲೇ ಇದೆ. ಬಿಸಿಲು ಏರುವ ಮೊದಲೇ ಹತ್ತಿರಿ, ಆಮೇಲೆ ಬಂಡೆ ಕಾದು ಹಂಚಾಗುತ್ತದೆ. ಮೇಲೆ ನಿಂತರೆ ಒಂದು ಕಡೆ ರೈಲು ಹಳಿ, ಇನ್ನೊಂದು ಕಡೆ ಭೀಮಾ ನದಿ. ಭೀಮಾ ದಾಟಿದರೆ ಶಹಾಪುರದ ಕಡೆ. ಅಲ್ಲಿಂದ ತೆಂಕಣಕ್ಕೆ ಕೃಷ್ಣೆಯ ತನಕ ಹರಡಿರುವ ಸೀಮೆಯೇ ಸಗರನಾಡು.

ಭೂಪಟ ತೆಗೆದು ನೋಡ್ರಿ, ವಿಷಯ ಹೊಳೆಯುತ್ತದೆ. ಎರಡು ದೊಡ್ಡ ನದಿಗಳ ನಡುವಿನ ಬಯಲು, ಬಯಲಿನ ನಡುವೆ ಗುಡ್ಡ. ವಿಜಯಪುರ, ಕಲಬುರಗಿ, ರಾಯಚೂರು, ಮೂರೂ ದೊಡ್ಡ ಠಾಣೆಗಳು ಸುತ್ತ. ಸೈನ್ಯಗಳು ಬಯಲಲ್ಲಿ ಓಡಾಡುತ್ತಿದ್ದವು. ಗುಡ್ಡ ಹಿಡಿದವರು ಮೇಲೆ ಕೂತು ಅವನ್ನು ನೋಡುತ್ತಿದ್ದರು.

3/7
ಶಹಾಪುರದಲ್ಲಿ ಎಲ್ಲರೂ ಬೈಕ್ ನಿಲ್ಲಿಸಿ ಫೋಟೋ ಹೊಡೆಯುವ ಜಾಗ ಒಂದೇ: ಬುದ್ಧ ಮಲಗಿದ ಬೆಟ್ಟ. ಹಣೆ, ಮೂಗು, ಗದ್ದ, ಎದೆ ಎಲ್ಲಾ ರಸ್ತೆಯಿಂದಲೇ ಕಾಣಿಸುತ್ತದೆ. ಫೋಟೋ ಹೊಡ್ಕೊಳ್ರಿ, ಆದರೆ ಅಲ್ಲಿಂದಲೇ ವಾಪಸು ಹೋಗಬ್ಯಾಡ್ರಿ.

ಹತ್ತಿರದ ವಿಭೂತಿಹಳ್ಳಿಯಲ್ಲಿ ಬಂಡೆಗಲ್ಲುಗಳನ್ನು ಅಂತರ ಬಿಟ್ಟು ಸಾಲುಸಾಲಾಗಿ ಜೋಡಿಸಿಟ್ಟಿದ್ದಾರೆ. ಬೃಹತ್ ಶಿಲಾಯುಗದ ಜನರ ಕೆಲಸ. ತಿಳಿಯದವರಿಗೆ ಬರೀ ಕಲ್ಲು. ದಯವಿಟ್ಟು ಒಂದನ್ನೂ ಸರಿಸಬೇಡಿ, ಹೆಸರು ಕೆತ್ತಬೇಡಿ. ಅಲ್ಲಿ ಅರ್ಥ ಇರೋದೇ ಕಲ್ಲು ಇಟ್ಟ ಜಾಗದಲ್ಲಿ.

ಇನ್ನೊಂದು ಗೋಗಿ. ಆದಿಲ್‌ಶಾಹಿ ಅಂದಕೂಡಲೇ ಗೋಳಗುಮ್ಮಟ ನೆನಪಾಗುತ್ತದೆ. ಆದರೆ ಆ ಮನೆತನವನ್ನು ಕಟ್ಟಿದ ಯೂಸುಫ್ ಆದಿಲ್‌ಶಾ ಮಲಗಿರುವುದು ವಿಜಯಪುರದಲ್ಲಿ ಅಲ್ಲ, ಇಲ್ಲಿ, ಚಂದಾ ಹುಸೇನಿಯವರ ದರ್ಗಾದ ಹತ್ತಿರ. ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹಿಂ ಕೂಡ ಇಲ್ಲೇ. ಗುಮ್ಮಟದ ಆಡಂಬರ ಇಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಸಾಕು.

4/7
ಶಹಾಪುರದಿಂದ ಸುರಪುರಕ್ಕೆ ಬೀದರ್–ಶ್ರೀರಂಗಪಟ್ಟಣ ರಸ್ತೆ. ಸುರಪುರ ಹತ್ತಿರವಾದಂತೆ ಗುಡ್ಡಗಳು ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತವೆ. ಊರು ಗುಡ್ಡಗಳ ಬೊಗಸೆಯೊಳಗೆ ಕೂತಿದೆ. ಆದರೆ ಮೊದಲು ಪಶ್ಚಿಮಕ್ಕೆ ತಿರುಗಿ ವಾಗಣಗೇರಾಕ್ಕೆ ಹೋಗೋಣ. ಸುರಪುರಕ್ಕಿಂತ ಮುಂಚೆ ಬೇಡ ನಾಯಕರ ನೆಲೆ ಅದು.

1705ರ ಫೆಬ್ರವರಿಯಲ್ಲಿ ಔರಂಗಜೇಬ ಇಲ್ಲಿಗೆ ಬಂದ. ವಯಸ್ಸು 86. ಎದುರಿಗೆ ಪಿಡ್ಡನಾಯಕರು. ಬೇಡರ ಬಂದೂಕಿನ ಗುರಿ, ರಾತ್ರಿ ದಾಳಿ ಎರಡಕ್ಕೂ ಮೊಗಲರು ಹೆದರುತ್ತಿದ್ದರು. ಕೋಟೆಯ ಎದುರಿನ ಒಂದು ಗುಡ್ಡವನ್ನು ಮೊಗಲರು ಹಿಡಿದರು. ಮೇಲಿಂದ ಬಂದ ಕಲ್ಲು, ಗುಂಡಿನ ಮಳೆಗೆ ಬಿಟ್ಟು ಇಳಿದರು. ನಡುವೆ ಧನಾಜಿ ಜಾಧವನ ಮರಾಠಾ ಪಡೆ ನಾಯಕರ ನೆರವಿಗೆ ಬಂತು. ಪಿಡ್ಡನಾಯಕರು ಸಂಧಾನದ ಮಾತಾಡುತ್ತಾ ದಿನ ದೂಡಿದರು. ಏಪ್ರಿಲ್ ಕೊನೆಗೆ, ಜುಲ್ಫಿಕರ್ ಖಾನ್ ಬಂದು ಬಿಗಿ ಹೆಚ್ಚಿದ ಮೇಲೆ, ಒಂದು ರಾತ್ರಿ ಕೋಟೆ ಖಾಲಿ ಮಾಡಿ ಹೊರಟುಹೋದರು. ಮೊಗಲರು ಒಳಗೆ ಕಾಲಿಟ್ಟಾಗ ಹಿಡಿಯಲು ನಾಯಕರೇ ಇರಲಿಲ್ಲ.

ಬಾದಶಹ ಹತ್ತಿರದ ದೇವಾಪುರದಲ್ಲಿ ಡೇರೆ ಹೂಡಿ ಅಲ್ಲೇ ಕಾಯಿಲೆ ಬಿದ್ದ. ಅಕ್ಟೋಬರಿನಲ್ಲಿ ಹೊರಟವನು ಅಹಮದ್‌ನಗರ ಸೇರಿದ, 1707ರಲ್ಲಿ ಅಲ್ಲೇ ತೀರಿಕೊಂಡ. ತಾನೇ ಮುಂದೆ ನಿಂತು ಗೆದ್ದ ಅವನ ಕೊನೆಯ ಕೋಟೆ ವಾಗಣಗೇರಾ. ಮೊಗಲರ ದಂಡು ಹೋಯಿತು, ನಾಯಕರು ಉಳಿದರು. ಸುರಪುರ ಅವರ ರಾಜಧಾನಿಯಾಯಿತು.

5/7
ಈಗ ಸುರಪುರ. ಅರಮನೆ, ವೇಣುಗೋಪಾಲಸ್ವಾಮಿ ಗುಡಿ ನೋಡಿಕೊಂಡು ಮೇಲಿನ ಏರು ಹತ್ತಿರಿ: ಟೇಲರ್ ಮಂಜಿಲ್.

ಫಿಲಿಪ್ ಮೆಡೋಸ್ ಟೇಲರ್, ನಿಜಾಮನ ಸೇವೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ. ಕಾದಂಬರಿಕಾರನೂ ಹೌದು. 1840ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದಾಗ ರಾಜಾ ವೆಂಕಟಪ್ಪ ನಾಯಕರು ಇನ್ನೂ ಚಿಕ್ಕ ಹುಡುಗ. ಸಂಸ್ಥಾನದ ಮೇಲೆ ನಿಜಾಮನಿಗೆ ಕೊಡಬೇಕಾದ ಕಾಣಿಕೆ, ಬಾಕಿ, ಸಾಲದ ಹೊರೆ. 1853ರವರೆಗೆ ಆಡಳಿತ ಟೇಲರನ ಕೈಯಲ್ಲಿತ್ತು. ಕಂದಾಯದ ಲೆಕ್ಕ ಸರಿಮಾಡಿದ, ಬೋನಾಳ ಕೆರೆ ದೊಡ್ಡದು ಮಾಡಿಸಿದ (ಇವತ್ತಿನ ಬೋನಾಳ ಪಕ್ಷಿಧಾಮ ಅದೇ). ವಿಭೂತಿಹಳ್ಳಿಯ ಕಲ್ಲುಗಳ ಬಗ್ಗೆ ಬರೆದವನೂ ಇವನೇ. ಹುಡುಗ ಅವನನ್ನು "ಅಪ್ಪಾ" ಅಂತ ಕರೆಯುತ್ತಿದ್ದ.

ಟೇಲರ್ ಒಳ್ಳೆಯವನೋ ಕೆಟ್ಟವನೋ ಅನ್ನೋ ವಾದ ಇಲ್ಲಿ ಬ್ಯಾಡ. ಬಾದಶಹನಿಗೆ ಹೊರಗಿನಿಂದ ಹತ್ತಲಾಗದ ಗುಡ್ಡದ ನೆತ್ತಿಯ ಮೇಲೆ ಕಂಪನಿಯ ಕಾಲದ ಅಧಿಕಾರಿಯೊಬ್ಬ ಬಂಗಲೆ ಕಟ್ಟಿಕೊಂಡು ಕೂತಿದ್ದ, ಇಷ್ಟು ಗಮನಿಸಿ. ಅವನು ಒಳಗೆ ಬಂದ ಬಾಗಿಲು ಸಾಲದ ಲೆಕ್ಕ.

6/7
1858ರ ಫೆಬ್ರವರಿ. ಉತ್ತರದಲ್ಲಿ ದಂಗೆ ಇನ್ನೂ ಆರಿರಲಿಲ್ಲ. ಸುರಪುರದಲ್ಲೂ ಬ್ರಿಟಿಷರ ವಿರುದ್ಧ ಬಂದೂಕು ಎದ್ದವು. ಕ್ಯಾಪ್ಟನ್ ನ್ಯೂಬೆರಿ ಇಲ್ಲೇ ಸತ್ತ. ಆದರೆ ಕೃಷ್ಣೆಯ ಆಚೆ ಲಿಂಗಸುಗೂರಿನಲ್ಲಿ ದಂಡಿನ ಠಾಣೆ ಇತ್ತು, ಸುತ್ತಲಿಂದಲೂ ಪಡೆಗಳು ಬರುತ್ತಿದ್ದವು. ಆ ರಾತ್ರಿ ರಾಜರು ಕೆಲವೇ ಸವಾರರೊಂದಿಗೆ ಊರು ಬಿಟ್ಟರು.

ಪಿಡ್ಡನಾಯಕರೂ ಹೀಗೇ ರಾತ್ರಿ ಹೊರಟಿದ್ದರಲ್ಲ? ವ್ಯತ್ಯಾಸ ಇಲ್ಲಿದೆ. 1705ರಲ್ಲಿ ಕೋಟೆ ಬಿಟ್ಟವರಿಗೆ ಹೊರಗೆ ಮರಾಠರಿದ್ದರು, ಬಯಲು ಇತ್ತು. 1858ರಲ್ಲಿ ಯಾರಿದ್ದರು? ವೆಂಕಟಪ್ಪ ನಾಯಕರು ಹೈದರಾಬಾದಿಗೆ ಹೋದರು. ಅಲ್ಲಿ ನಿಜಾಮ, ದಿವಾನ ಸಾಲಾರ್ ಜಂಗ್ ಇಬ್ಬರೂ ಬ್ರಿಟಿಷರ ಪಕ್ಷ. ಸೆರೆಸಿಕ್ಕರು. ಗುಡ್ಡ ಬದಲಾಗಿರಲಿಲ್ಲ, ಗುಡ್ಡದ ಸುತ್ತಲಿನ ನಾಡು ಬದಲಾಗಿತ್ತು.

ಜೈಲಿನಲ್ಲಿ ಟೇಲರ್ ಅವರನ್ನು ಕಂಡ. ಜೊತೆಗಾರರ ಹೆಸರು ಹೇಳಲು ರಾಜರು ಒಪ್ಪಲಿಲ್ಲ, ಕಳ್ಳನ ಹಾಗೆ ನೇಣಿಗೆ ಹಾಕಬೇಡಿ ಎಂದು ಮಾತ್ರ ಕೇಳಿಕೊಂಡರು ಅಂತ ಅವನೇ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮರಣದಂಡನೆ ಇಳಿದು ಇಳಿದು ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ಆದರೆ ಅಲ್ಲಿಗೆ ಹೋಗುವ ದಾರಿಯಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜರು ತೀರಿಕೊಂಡರು. ತಾವೇ ಹಾರಿಸಿಕೊಂಡರು ಅನ್ನುವುದು ದಾಖಲೆಯ ಮಾತು. ವಯಸ್ಸು 24ರ ಆಸುಪಾಸು.

ಒಂದು ಮಾತು ನೆನಪಿಡಿ. ಆ ದಾಖಲೆ ಬರೆದವರು ಗೆದ್ದವರು. ರಾಜರ ಕೊನೆಯ ಮಾತುಗಳೂ ನಮಗೆ ಸಿಕ್ಕಿರುವುದು ಟೇಲರನ ಲೇಖನಿಯಿಂದ. ಅವರೇ ಬಾಯಿಬಿಟ್ಟು ಹೇಳುವಂತಿದ್ದರೆ ಏನು ಹೇಳುತ್ತಿದ್ದರೋ.

7/7
1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟುಬಿಟ್ಟರು, ನಿಷ್ಠೆಗೆ ಬಹುಮಾನ ಅಂತ. 1948ರವರೆಗೆ ಹೈದರಾಬಾದ್ ಸಂಸ್ಥಾನ, 1956ರಲ್ಲಿ ಕನ್ನಡ ನಾಡು, 2009ರ ಕೊನೆಗೆ ಯಾದಗಿರಿ ಜಿಲ್ಲೆ. ಒಂದು ಕಾಲದ ರಾಜಧಾನಿ ಈಗ ತಾಲ್ಲೂಕು ಕೇಂದ್ರ. ನಾರಾಯಣಪುರದ ಕಾಲುವೆ ನೀರು ಬಂದು ಗುಡ್ಡದ ಬುಡದಲ್ಲಿ ಭತ್ತದ ಗದ್ದೆ ಹಸಿರಾಗಿದೆ.

ಹೋಗೋರಿಗೆ: ನವೆಂಬರಿನಿಂದ ಫೆಬ್ರವರಿ ಚಲೋ. ಬೇಸಿಗೆಯಲ್ಲಿ ಹೋಗಬ್ಯಾಡ್ರಿ. ಟ್ಯಾಂಕ್ ಯಾದಗಿರಿಯಲ್ಲೇ ತುಂಬಿಸಿಕೊಳ್ಳಿ, ನೀರು ಎರಡು ಬಾಟಲಿ ಜಾಸ್ತಿ ಇರಲಿ. ಸುಗ್ಗಿ ದಿನಗಳಲ್ಲಿ ರಸ್ತೆ ಮೇಲೆ ರಾಶಿ ಹಾಕಿರುತ್ತಾರೆ, ಟ್ರ್ಯಾಕ್ಟರಿಗೆ ಹಿಂದೆ ಲೈಟ್ ಇರೋದು ಕಡಿಮೆ, ಕತ್ತಲಲ್ಲಿ ಓಡಿಸಬೇಡಿ. ಹೊತ್ತು ಇಳಿಯುವಾಗ ಬೋನಾಳ ಕೆರೆ ದಂಡೆಗೆ ಬನ್ನಿ, ಇಂಜಿನ್ ಆಫ್ ಮಾಡಿ. ಹಕ್ಕಿಗಳು ಗುಂಪುಗುಂಪಾಗಿ ಇಳಿಯುತ್ತಿರುತ್ತವೆ.

#ಸುರಪುರ #ಶಹಾಪುರ #ಯಾದಗಿರಿ #ಸಗರನಾಡು #ಕಲ್ಯಾಣಕರ್ನಾಟಕ