ಆಂಬುಲೆನ್ಸ್ ಬರುವ ಮೊದಲು: ಅಪಾಯ ಇನ್ನೂ ಮುಗಿಯದ ಜಾಗದಲ್ಲಿ ಗಾಯಾಳುವಿನ ಆರೈಕೆ

ಗೋವಾದಲ್ಲಿ 108 ಆಂಬುಲೆನ್ಸ್ ಸೇವೆ ಆರಂಭವಾದದ್ದು 2008ರ ಸೆಪ್ಟೆಂಬರಿನಲ್ಲಿ. ಅದೇ ವರ್ಷ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಕರ್ನಾಟಕದಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಇದೇ ಸೇವೆ ಶುರುವಾಯಿತು. ಇಂದು ವಾಸ್ಕೋದಲ್ಲಿರುವ ಬಾಗಲಕೋಟೆಯ ಗಾರೆ ಕೆಲಸದವನಿಗೂ ಪಣಜಿಯ ಬ್ಯಾಂಕ್ ಅಧಿಕಾರಿಗೂ ಆ ಮೂರು ಅಂಕಿ ಬಾಯಿಪಾಠ. ಆದರೆ ಕರೆ ಮಾಡಿದ ಕ್ಷಣಕ್ಕೂ ಗಾಡಿ ಬಂದು ನಿಲ್ಲುವ ಕ್ಷಣಕ್ಕೂ ನಡುವೆ ಒಂದಿಷ್ಟು ನಿಮಿಷಗಳಿರುತ್ತವೆ. ಆ ನಿಮಿಷಗಳಲ್ಲಿ ಗಾಯಾಳುವಿನ ಪಕ್ಕದಲ್ಲಿ ಡಾಕ್ಟರ್ ಇರುವುದಿಲ್ಲ, ನಾವೇ ಇರುತ್ತೇವೆ. ತೊಡೆಯ ದೊಡ್ಡ ರಕ್ತನಾಳ ಕತ್ತರಿಸಿದರೆ ಮನುಷ್ಯ ಕೆಲವೇ ನಿಮಿಷಗಳಲ್ಲಿ ಪ್ರಾಣ ಬಿಡಬಹುದು. ದೊಡ್ಡವರ ಮೈಯಲ್ಲಿರುವುದೇ ಸುಮಾರು 5 ಲೀಟರ್ ರಕ್ತ.

ಸಾಮಾನ್ಯ ಪ್ರಥಮ ಚಿಕಿತ್ಸೆಯ ಪಾಠವನ್ನು ನಮ್ಮಲ್ಲಿ ಹಲವರು ಶಾಲೆಯಲ್ಲೋ ಸ್ಕೌಟ್ಸ್‌ನಲ್ಲೋ ಕಲಿತಿದ್ದೇವೆ. ಈ ಬರಹದ ವಿಷಯ ಅದಲ್ಲ, ಅದರ ಮುಂದಿನದು. ಬೆಂಕಿ ಇನ್ನೂ ಉರಿಯುತ್ತಿದೆ, ಜನ ಇನ್ನೂ ನುಗ್ಗುತ್ತಿದ್ದಾರೆ, ಎರಡನೇ ಸ್ಫೋಟ ಆಗಬಹುದು, ಗುಂಡು ಹಾರಿಸಿದವನು ಇನ್ನೂ ಸಿಕ್ಕಿಲ್ಲ. ಹೀಗೆ ಅಪಾಯ ಮುಗಿಯದ ಜಾಗದಲ್ಲಿ ಗಾಯಾಳುವಿಗೆ ಏನು ಮಾಡಬೇಕು, ಏನು ಮಾಡಬಾರದು ಎಂಬುದಕ್ಕೆ ಈಗ ಪ್ರತ್ಯೇಕ ತರಬೇತಿ ಬಂದಿದೆ. ಪೊಲೀಸರು, ಅಗ್ನಿಶಾಮಕದವರು, ಆಂಬುಲೆನ್ಸ್ ಸಿಬ್ಬಂದಿ ಅದನ್ನು ವಿಸ್ತಾರವಾಗಿ ಕಲಿಯುತ್ತಾರೆ. ಸಾಮಾನ್ಯ ನಾಗರಿಕರಿಗೆ ಅದರ ಒಂದು ಸಣ್ಣ, ಆದರೆ ಮುಖ್ಯವಾದ ಭಾಗ ಸಾಕು.

ಗೋವಾಕ್ಕೆ ಇದು ಬೇಕೆ?

ಸಮುದ್ರ, ಜಾತ್ರೆ, ಪ್ರವಾಸಿಗರು ಇರುವ ಶಾಂತ ರಾಜ್ಯಕ್ಕೆ ಇದೆಲ್ಲ ಯಾಕೆ ಎಂದು ಕೇಳುವವರುಂಟು. 2009ರ ಅಕ್ಟೋಬರ್ 16ರಂದು, ಊರೆಲ್ಲ ನರಕಾಸುರನ ಗೊಂಬೆ ನೋಡಲು ಬೀದಿಗೆ ಬಂದಿದ್ದ ರಾತ್ರಿ, ಮಡಗಾಂವಿನಲ್ಲಿ ಸ್ಕೂಟರಿನಲ್ಲಿದ್ದ ಸ್ಫೋಟಕ ಸಿಡಿದು ಇಬ್ಬರು ಸತ್ತರು. 2025ರ ಮೇ 3ರ ಬೆಳಗಿನ ಜಾವ ಡಿಚೋಲಿ ತಾಲ್ಲೂಕಿನ ಶಿರಗಾಂವ್ ಲೈರಾಯಿ ದೇವಿಯ ಜಾತ್ರೆಯಲ್ಲಿ ಕಾಲ್ತುಳಿತವಾಗಿ ಕನಿಷ್ಠ ಆರು ಮಂದಿ ತೀರಿಕೊಂಡರು. ಗಾಯಗೊಂಡ ಹತ್ತಾರು ಮಂದಿಯನ್ನು ಮಾಪ್ಸಾದ ಜಿಲ್ಲಾ ಆಸ್ಪತ್ರೆಗೂ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೂ ಸಾಗಿಸಬೇಕಾಯಿತು. ಅದೇ ವರ್ಷದ ಡಿಸೆಂಬರ್ 6ರ ನಡುರಾತ್ರಿ ಹಡಫಡೆಯ (ಆರ್ಪೋರಾ) ನೈಟ್‌ಕ್ಲಬ್ಬಿನಲ್ಲಿ ಬೆಂಕಿ ಬಿದ್ದು 25 ಜನ ಸತ್ತರು. ಅವರಲ್ಲಿ 20 ಮಂದಿ ಅಲ್ಲಿ ಕೆಲಸಕ್ಕಿದ್ದವರು, ಹೊರಗಿನಿಂದ ಹೊಟ್ಟೆಪಾಡಿಗೆ ಬಂದವರು. ಹೆಚ್ಚಿನವರನ್ನು ಕೊಂದದ್ದು ಜ್ವಾಲೆಯಲ್ಲ, ಹೊಗೆ. ದಾರಿ ಕಿರಿದಾಗಿದ್ದರಿಂದ ಅಗ್ನಿಶಾಮಕ ವಾಹನಗಳು ದೂರದಲ್ಲೇ ನಿಲ್ಲಬೇಕಾಯಿತು.

ಈ ಕೊನೆಯ ಸಂಗತಿಯನ್ನು ನಾವು ಗಮನವಿಟ್ಟು ಓದಬೇಕು. ಗೋವಾದ ಹೋಟೆಲ್ ಅಡುಗೆಮನೆ, ಕಟ್ಟಡದ ಸೈಟು, ಮೀನುಗಾರಿಕೆ ಧಕ್ಕೆ, ಇಲ್ಲೆಲ್ಲ ಉತ್ತರ ಕರ್ನಾಟಕದವರೂ ದುಡಿಯುತ್ತಿದ್ದಾರೆ. ದುರ್ಘಟನೆ ನಡೆದಾಗ ಒಳಗಿರುವವರು ಅವರು, ಮೊದಲು ಕೈ ಹಾಕುವವರೂ ಅವರೇ.

ಗಡಿಯಾಚೆಯೂ ಪರಿಸ್ಥಿತಿ ಬೇರೆಯಲ್ಲ. ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ 2024ರ ಮಾರ್ಚ್ 1ರಂದು ಊಟದ ಹೊತ್ತಿಗೆ ಬಾಂಬ್ ಸಿಡಿಯಿತು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಕಾರವಾರ, ಅಂಕೋಲಾ ಕಡೆಯವರಿಗೆ ಇನ್ನೊಂದು ತೊಂದರೆಯಿದೆ: ದೊಡ್ಡ ಗಾಯವಾದರೆ ಉತ್ತರಕ್ಕೆ ಬಾಂಬೋಳಿ, ಇಲ್ಲವೇ ದಕ್ಷಿಣಕ್ಕೆ ಮಣಿಪಾಲ, ಮಂಗಳೂರು. 2021ರ ಜನವರಿಯಲ್ಲಿ ಅಂಕೋಲಾ ಬಳಿ ಕೇಂದ್ರ ಸಚಿವ ಶ್ರೀಪಾದ ನಾಯಕ್ ಅವರ ಕಾರು ಅಪಘಾತಕ್ಕೀಡಾದಾಗ ಅವರನ್ನು ತಂದದ್ದೂ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಬಾಂಬೋಳಿಗೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸೇ ಶಿರೂರು ಟೋಲ್ ಗೇಟಿಗೆ ಬಡಿದು ನಾಲ್ವರು ಸತ್ತದ್ದನ್ನು ಉತ್ತರ ಕನ್ನಡದವರು ಮರೆತಿಲ್ಲ. ಆಸ್ಪತ್ರೆ ದೂರವಿದ್ದಷ್ಟೂ ಸ್ಥಳದಲ್ಲೇ ರಕ್ತ ನಿಲ್ಲಿಸುವುದರ ಬೆಲೆ ಹೆಚ್ಚು.

ಈ ತರಬೇತಿ ಬಂದದ್ದೆಲ್ಲಿಂದ

ಇದರ ಮೂಲ ಯುದ್ಧಭೂಮಿ. ಅಮೆರಿಕದ ನೌಕಾಪಡೆಯ ವೈದ್ಯ ಫ್ರಾಂಕ್ ಬಟ್ಲರ್ ಮತ್ತು ಜೊತೆಗಾರರು 1996ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಆಸ್ಪತ್ರೆಗಾಗಿ ಬರೆದ ನಿಯಮಗಳನ್ನು ಗುಂಡು ಹಾರುವ ಜಾಗಕ್ಕೆ ಹಾಗೆಯೇ ಒಯ್ದರೆ ಗಾಯಾಳುವೂ ಸಾಯುತ್ತಾನೆ, ಆರೈಕೆ ಮಾಡುವವನೂ ಸಾಯುತ್ತಾನೆ ಎಂಬುದು ಅದರ ತಿರುಳು. ಮುಂದೆ 2001ರಿಂದ 2011ರವರೆಗೆ ಯುದ್ಧದಲ್ಲಿ ಸತ್ತ 4,596 ಅಮೆರಿಕನ್ ಸೈನಿಕರ ದಾಖಲೆಗಳನ್ನು ಪರಿಶೀಲಿಸಿದಾಗ, ಆಸ್ಪತ್ರೆ ತಲುಪುವ ಮೊದಲೇ ಸತ್ತವರಲ್ಲಿ ಸುಮಾರು ಕಾಲು ಭಾಗದವರನ್ನು ಉಳಿಸಬಹುದಿತ್ತು ಎಂದು ತಿಳಿಯಿತು. ಹಾಗೆ ಉಳಿಸಬಹುದಾಗಿದ್ದ 10 ಮಂದಿಯಲ್ಲಿ 9 ಮಂದಿ ಸತ್ತದ್ದು ರಕ್ತಸ್ರಾವದಿಂದ.

2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯ ಮಕ್ಕಳ ಮೇಲೆ ಗುಂಡಿನ ದಾಳಿ ನಡೆದ ಬಳಿಕ ಅಮೆರಿಕದ ಶಸ್ತ್ರವೈದ್ಯರು ಹಾರ್ಟ್‌ಫರ್ಡ್ ನಗರದಲ್ಲಿ ಸೇರಿ ಈ ಪಾಠವನ್ನು ನಾಗರಿಕರಿಗೂ ಕಲಿಸಬೇಕೆಂದು ತೀರ್ಮಾನಿಸಿದರು. 2013ರ ಏಪ್ರಿಲಿನಲ್ಲಿ ಬೋಸ್ಟನ್ ಮ್ಯಾರಥಾನಿನಲ್ಲಿ ಬಾಂಬ್ ಸಿಡಿದಾಗ ನೋಡಲು ಬಂದಿದ್ದ ಜನರೇ ಬೆಲ್ಟು, ಬಟ್ಟೆಗಳಿಂದ ಕಾಲು ಬಿಗಿದರು. ಮೂವರು ಸ್ಥಳದಲ್ಲೇ ಸತ್ತರು, ಆದರೆ ಜೀವಂತವಾಗಿ ಆಸ್ಪತ್ರೆ ಮುಟ್ಟಿದವರೆಲ್ಲ ಬದುಕಿದರು. ಆ ಕೈಗೆ ಸಿಕ್ಕ ಪಟ್ಟಿಗಳಲ್ಲಿ ಅನೇಕವು ಸಾಕಷ್ಟು ಬಿಗಿಯಾಗಿರಲಿಲ್ಲ ಎಂಬುದೂ ನಂತರ ಗೊತ್ತಾಯಿತು. 2015ರಲ್ಲಿ ‘ಸ್ಟಾಪ್ ದ ಬ್ಲೀಡ್’ ಹೆಸರಿನ ನಾಗರಿಕ ತರಬೇತಿ ಶುರುವಾದದ್ದು ಈ ಹಿನ್ನೆಲೆಯಲ್ಲಿ.

ಮೂರು ವಲಯ

ಈ ತರಬೇತಿಯ ಮೊದಲ ಪಾಠ ಗಾಯದ್ದಲ್ಲ, ಜಾಗದ್ದು. ಅಪಾಯ ನೇರವಾಗಿ ಇರುವ ಜಾಗ ಬಿಸಿ ವಲಯ. ಅಪಾಯ ಮರೆಯಾಗಿದೆ, ಆದರೆ ಮತ್ತೆ ಬರಬಹುದು ಎನ್ನುವ ಜಾಗ ಬೆಚ್ಚನೆಯ ವಲಯ. ಆಂಬುಲೆನ್ಸ್ ನಿಲ್ಲಬಹುದಾದ ಸುರಕ್ಷಿತ ಜಾಗ ತಣ್ಣನೆಯ ವಲಯ. ಬಿಸಿ ವಲಯದಲ್ಲಿ ಚಿಕಿತ್ಸೆ ಎನ್ನುವುದೇ ಇಲ್ಲವೆನ್ನಬಹುದು: ಓಡಬಲ್ಲವರು ಓಡಬೇಕು, ಆಗದವರನ್ನು ಎಳೆದುಕೊಂಡು ಮರೆಗೆ ಹೋಗಬೇಕು. ಹೆಚ್ಚೆಂದರೆ ಚಿಮ್ಮುತ್ತಿರುವ ರಕ್ತಕ್ಕೆ ಒಂದು ಪಟ್ಟಿ. ಹೃದಯ ಒತ್ತುವುದು, ಗಾಯ ತೊಳೆಯುವುದು ಯಾವುದೂ ಅಲ್ಲಿ ಸಲ್ಲದು. 2008ರ ನವೆಂಬರ್ 26ರಂದು ಮುಂಬೈಯಲ್ಲಿ ದಾಳಿಕೋರರು ಛತ್ರಪತಿ ಶಿವಾಜಿ ಟರ್ಮಿನಸ್‌ನಿಂದ ಹೊರಟು ಕಾಮಾ ಆಸ್ಪತ್ರೆಗೇ ನುಗ್ಗಿದ್ದರು. ಸುರಕ್ಷಿತ ಎಂದುಕೊಂಡ ಜಾಗವೂ ಗಳಿಗೆಯಲ್ಲಿ ಬದಲಾಗುತ್ತದೆ.

ಬಾಂಬ್ ಸಿಡಿದಲ್ಲಿ ಜನ ಗುಂಪುಗೂಡಿ ಮೊಬೈಲಿನಲ್ಲಿ ಚಿತ್ರ ತೆಗೆಯುವುದನ್ನು ನೋಡಿದ್ದೇವೆ. ಎರಡನೇ ಬಾಂಬ್ ಇಡುವವನು ಕಾಯುವುದು ಇಂಥ ಗುಂಪಿಗಾಗಿಯೇ.

ರಕ್ತ ನಿಲ್ಲಿಸುವುದು

ರಕ್ತ ಚಿಮ್ಮುತ್ತಿದ್ದರೆ, ನೆಲದ ಮೇಲೆ ಮಡುಗಟ್ಟುತ್ತಿದ್ದರೆ, ಬಟ್ಟೆ ತೊಯ್ದು ತೊಟ್ಟಿಕ್ಕುತ್ತಿದ್ದರೆ, ಅಥವಾ ಕೈಕಾಲು ತುಂಡಾಗಿದ್ದರೆ ಅದು ಪ್ರಾಣಾಂತಿಕ. ಮೊದಲು ಎರಡೂ ಅಂಗೈಗಳಿಂದ, ಮೊಣಕೈ ನೆಟ್ಟಗೆ ಮಾಡಿ, ಮೈಭಾರವೆಲ್ಲ ಹಾಕಿ ಗಾಯದ ಮೇಲೆಯೇ ಒತ್ತಬೇಕು. ನಿಂತಿತೇ ಎಂದು ಪದೇ ಪದೇ ಎತ್ತಿ ನೋಡುವ ಚಪಲ ಬೇಡ, ಎತ್ತಿದಾಗಲೆಲ್ಲ ಹೆಪ್ಪು ಕಿತ್ತುಬರುತ್ತದೆ.

ಕೈ ಅಥವಾ ಕಾಲಿನ ಗಾಯವಾದರೆ ಟೂರ್ನಿಕೆಟ್ ಎಂಬ ಪಟ್ಟಿ ಅತ್ಯುತ್ತಮ. ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಅಂದರೆ ಗಾಯಕ್ಕೂ ಮುಂಡಕ್ಕೂ ನಡುವೆ, ಮೊಣಕಾಲು ಮೊಣಕೈಗಳ ಕೀಲನ್ನು ಬಿಟ್ಟು ಕಟ್ಟಬೇಕು. ಅದರಲ್ಲಿರುವ ಕಡ್ಡಿಯನ್ನು ರಕ್ತ ನಿಲ್ಲುವವರೆಗೂ ತಿರುಗಿಸಿ ಸಿಕ್ಕಿಸಬೇಕು. ಸರಿಯಾಗಿ ಕಟ್ಟಿದರೆ ಗಾಯಾಳು ನೋವಿನಿಂದ ಕೂಗುತ್ತಾನೆ. ಆ ಕೂಗಿಗೆ ಕರಗಿ ಸಡಿಲಿಸುವುದು ದೊಡ್ಡ ತಪ್ಪು. ಕಟ್ಟಿದ ಸಮಯವನ್ನು ಪಟ್ಟಿಯ ಮೇಲೋ ಹಣೆಯ ಮೇಲೋ ಬರೆಯಿರಿ. ಬಿಚ್ಚುವುದು ಆಸ್ಪತ್ರೆಯವರ ಕೆಲಸ. ಕಟ್ಟಿದರೆ ಕಾಲೇ ಹೋಗುತ್ತದೆ ಎಂಬ ಭಯ ಹಳೆಯದು. ಎರಡು ಗಂಟೆಯೊಳಗೆ ಆಸ್ಪತ್ರೆ ಸೇರಿದರೆ ಪಟ್ಟಿಯಿಂದಲೇ ಕಾಲು ಕಳೆದುಕೊಳ್ಳುವುದು ತೀರ ವಿರಳ.

ತಯಾರಾದ ಪಟ್ಟಿ ಇಲ್ಲದಿದ್ದರೆ ನಾಲ್ಕೈದು ಸೆಂಟಿಮೀಟರ್ ಅಗಲದ ಗಟ್ಟಿ ಬಟ್ಟೆ, ಟವೆಲು, ದುಪಟ್ಟಾ ಆದೀತು. ಆದರೆ ಬರೀ ಗಂಟು ಸಾಲದು. ಸ್ಪ್ಯಾನರೋ ಮರದ ತುಂಡೋ ಗಂಟಿನಲ್ಲಿ ಸಿಕ್ಕಿಸಿ ತಿರುಚಬೇಕು, ಬೋಸ್ಟನ್ನಿನಲ್ಲಿ ಕೊರತೆಯಾದದ್ದು ಇದೇ. ತೆಳು ವೈರು, ಸುತಳಿ, ನೈಲಾನ್ ಹಗ್ಗ ಬೇಡ, ಅವು ಮಾಂಸ ಕತ್ತರಿಸುತ್ತವೆ.

ತೊಡೆಸಂದು, ಕಂಕುಳು, ಹೆಗಲಿನ ಬುಡದಲ್ಲಿ ಪಟ್ಟಿ ಕಟ್ಟಲಾಗದು. ಅಲ್ಲಿ ಶುಭ್ರ ಬಟ್ಟೆಯನ್ನೋ ಗಾಜ್ ಬಟ್ಟೆಯನ್ನೋ ಬೆರಳಿನಿಂದ ಗಾಯದ ಆಳಕ್ಕೆ ತುಂಬುತ್ತ ಹೋಗಿ, ತುಂಬಿದ ಮೇಲೆ 10 ನಿಮಿಷ ಬಿಡದೆ ಒತ್ತಬೇಕು. ಎದೆ, ಹೊಟ್ಟೆಯ ಗಾಯಕ್ಕೆ ಹೀಗೆ ತುಂಬಬಾರದು. ಕರುಳು ಹೊರಬಂದಿದ್ದರೆ ಒಳಗೆ ತಳ್ಳದೆ ಒದ್ದೆಯ ಶುಭ್ರ ಬಟ್ಟೆ ಮುಚ್ಚಿ. ಚುಚ್ಚಿಕೊಂಡ ಸರಳು, ಗಾಜು ಇದ್ದಲ್ಲೇ ಇರಲಿ, ಅದೇ ಎಷ್ಟೋ ಸಲ ರಕ್ತಕ್ಕೆ ಬಿರಡೆಯಾಗಿರುತ್ತದೆ. ಎದೆಗೆ ತೂತಾದವರನ್ನು ಉಸಿರಾಡಲು ಅನುಕೂಲವಾದ ಭಂಗಿಯಲ್ಲಿ ಕೂರಿಸಿ, ತೂತನ್ನು ಪೂರ್ತಿ ಬಿಗಿಯಾಗಿ ಮುಚ್ಚಬೇಡಿ. ಅದಕ್ಕೆ ಬೇಕಾದ ವಿಶೇಷ ಅಂಟುಪಟ್ಟಿ ತರಬೇತಾದವರ ಬಳಿ ಇರುತ್ತದೆ.

ಇಲ್ಲಿ ನಮ್ಮ ಊರುಗಳ ಒಂದು ರೂಢಿಯ ಬಗ್ಗೆ ಹೇಳಲೇಬೇಕು. ಹಾವು ಕಚ್ಚಿದರೆ ನಮ್ಮವರು ತಕ್ಷಣ ಹಗ್ಗ ಬಿಗಿಯುತ್ತಾರೆ, ಕಾಲು ತುಂಡಾದರೆ ಅರಿಶಿನ, ಕಾಫಿಪುಡಿ ಹುಡುಕುತ್ತಾರೆ. ಆಗಬೇಕಾದದ್ದು ತಿರುವುಮುರುವು. ಹಾವಿನ ಕಡಿತಕ್ಕೆ ಬಿಗಿಯಬಾರದು, ಚಿಮ್ಮುವ ರಕ್ತಕ್ಕೆ ಬಿಗಿಯಲೇಬೇಕು. ಪುಡಿಗಳು ಗಾಯವನ್ನು ಕೊಳಕು ಮಾಡುತ್ತವೆಯೇ ಹೊರತು ರಕ್ತನಾಳವನ್ನು ಮುಚ್ಚುವುದಿಲ್ಲ. ಹಾಗೆಯೇ ಗಾಯಾಳುವಿನ ಬಾಯಿಗೆ ನೀರು ಹಾಕುವುದು ಬೇಡ, ಶಸ್ತ್ರಚಿಕಿತ್ಸೆ ಬೇಕಾಗಬಹುದು. ಬದಲಿಗೆ ಕಂಬಳಿ ಹೊದಿಸಿ. ರಕ್ತ ಕಳೆದುಕೊಂಡವರ ಮೈ ಮೇ ತಿಂಗಳ ಗೋವಾದಲ್ಲೂ ತಣ್ಣಗಾಗುತ್ತದೆ, ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ.

ನೂಕುನುಗ್ಗಲು, ಹೊಗೆ

ಕಾಲ್ತುಳಿತ ಎಂಬ ಪದವೇ ದಾರಿ ತಪ್ಪಿಸುತ್ತದೆ. ಅಲ್ಲಿ ಹೆಚ್ಚಿನವರು ಸಾಯುವುದು ತುಳಿತದಿಂದಲ್ಲ, ಎದೆ ಒತ್ತಿಹೋಗಿ ಉಸಿರು ತೆಗೆದುಕೊಳ್ಳಲಾಗದೆ, ಎಷ್ಟೋ ಸಲ ನಿಂತಲ್ಲೇ. ಆದ್ದರಿಂದ ಗುಂಪಿನಲ್ಲಿ ಸಿಕ್ಕಿಕೊಂಡರೆ ಎರಡೂ ಮುಂಗೈಗಳನ್ನು ಎದೆಯ ಮುಂದೆ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಿ, ಅಲೆಗೆ ಎದುರು ತಳ್ಳದೆ ಓರೆಯಾಗಿ ಅಂಚಿಗೆ ಸರಿಯಿರಿ, ಬಿದ್ದ ಚಪ್ಪಲಿಗೆ ಬಗ್ಗಬೇಡಿ. ಹೊರತೆಗೆದವರಿಗೆ ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿಗೂ ತುಸು ಹೆಚ್ಚು ಆಳಕ್ಕೆ ಒತ್ತಬೇಕು. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಬಾರದವರು ಬರೀ ಒತ್ತಿದರೂ ಆದೀತು.

ಹೊಗೆಯಲ್ಲಿ ಬಗ್ಗಿ, ತೆವಳಿ ಹೊರಬನ್ನಿ. ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ನೀರು, ಅಷ್ಟೆ. ಟೂತ್‌ಪೇಸ್ಟ್ ಬೇಡ.

ಕಾನೂನು

‘ಮುಟ್ಟಿದರೆ ಪೊಲೀಸ್ ಕೇಸು’ ಎಂಬ ಭಯ ಹೊರರಾಜ್ಯದಲ್ಲಿರುವ ನಮಗೆ ಇನ್ನೂ ಒಂದು ಪಾಲು ಹೆಚ್ಚು. 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾಗದಪತ್ರಕ್ಕೆ ಕಾಯದೆ ಮೊದಲು ಜೀವ ಉಳಿಸುವುದು ಪ್ರತಿ ವೈದ್ಯರ ಹೊಣೆ ಎಂದಿತು. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡಾಗಿದ್ದರೂ ಕಣ್ಣು ದಾನ ಮಾಡಿ ಎಂದು ಕೇಳಿಕೊಂಡ ಯುವಕ ಹರೀಶ್ ಹೆಸರಿನಲ್ಲಿ ಕರ್ನಾಟಕ ಸರ್ಕಾರ ಮರುತಿಂಗಳೇ ಸಾಂತ್ವನ ಯೋಜನೆ ತಂದಿತು: ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ನೆರವು. ಮುಂದೆ ನೆರವಿಗೆ ಬಂದವರ ರಕ್ಷಣೆಗಾಗಿ ಪ್ರತ್ಯೇಕ ಕಾಯ್ದೆಯನ್ನೂ ಮಾಡಿತು. ಇಡೀ ದೇಶಕ್ಕೆ ಅನ್ವಯಿಸುವುದು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ ಕಲಂ 134ಎ. ರಸ್ತೆ ಅಪಘಾತದಲ್ಲಿ ಸದುದ್ದೇಶದಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಹೆಸರು ವಿಳಾಸ ಹೇಳುವಂತೆ ಒತ್ತಾಯಿಸುವಂತಿಲ್ಲ. 2025ರ ಮೇ ತಿಂಗಳಿನಿಂದ ರಸ್ತೆ ಗಾಯಾಳುಗಳಿಗೆ 7 ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಯೋಜನೆಯೂ ಜಾರಿಯಲ್ಲಿದೆ.

ಕಲಿಯುವುದೆಲ್ಲಿ, ಇಟ್ಟುಕೊಳ್ಳುವುದೇನು

ಓದಿ ಈಜು ಬಾರದು, ಇದೂ ಹಾಗೆಯೇ. ರೆಡ್ ಕ್ರಾಸ್ ಮತ್ತು ಸೇಂಟ್ ಜಾನ್ ಆಂಬುಲೆನ್ಸ್ ಪ್ರಥಮ ಚಿಕಿತ್ಸೆಯ ತರಗತಿ ನಡೆಸುತ್ತವೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದಾ ಮಿತ್ರ’ ಯೋಜನೆ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಸ್ವಯಂಸೇವಕರನ್ನು ತಯಾರು ಮಾಡುವ ಗುರಿಯಿಂದ ವಿಸ್ತರಣೆಯಾಯಿತು. ತರಗತಿಗೆ ಹೋದಾಗ ಎದೆ ಒತ್ತುವುದರ ಜೊತೆಗೆ ರಕ್ತ ನಿಲ್ಲಿಸುವುದನ್ನೂ ಕೈಯಿಂದ ಮಾಡಿಸಿ ಎಂದು ಕೇಳಿ, ಕೆಲವೆಡೆ ಅದನ್ನು ಬಾಯಿಮಾತಿನಲ್ಲಿ ಮುಗಿಸುತ್ತಾರೆ.

ಸಂಘದ ಕಾರ್ಯಕ್ರಮಗಳಲ್ಲಿ ಧ್ವನಿವರ್ಧಕದಷ್ಟೇ ಖಾಯಂ ಆಗಿ ಒಂದು ಚೀಲ ಇರಲಿ: ಎರಡು ಟೂರ್ನಿಕೆಟ್, ಗಾಜ್ ಬಟ್ಟೆಯ ಸುರುಳಿಗಳು, ಒತ್ತುಪಟ್ಟಿ, ಕೈಗವಸು, ಬಟ್ಟೆ ಕತ್ತರಿಸುವ ಕತ್ತರಿ, ಮಾರ್ಕರ್ ಪೆನ್ನು, ಕಂಬಳಿ. ಅಗ್ಗದ ನಕಲಿ ಟೂರ್ನಿಕೆಟ್‌ಗಳ ಕಡ್ಡಿ ತಿರುಗಿಸುವಾಗಲೇ ಮುರಿಯುವುದುಂಟು, ಕೊಂಡ ದಿನವೇ ತೊಡೆಗೆ ಕಟ್ಟಿ ನೋಡಿ. ಸಭಾಂಗಣದ ಎಲ್ಲ ಬಾಗಿಲುಗಳೂ ಬೀಗವಿಲ್ಲದೆ ತೆರೆಯುತ್ತವೆಯೇ ಎಂದು ಕಾರ್ಯಕ್ರಮಕ್ಕೆ ಮೊದಲು ಒಬ್ಬರು ನೋಡಿ ಬರಲಿ. ಆಂಬುಲೆನ್ಸ್ ಬರುವ ದಾರಿಯಲ್ಲಿ ನಮ್ಮದೇ ಬೈಕುಗಳು ಅಡ್ಡ ನಿಲ್ಲದಿರಲಿ.

108ಕ್ಕೋ 112ಕ್ಕೋ ಕರೆ ಮಾಡಿದಾಗ ಮೊದಲು ಜಾಗ ಹೇಳಿ: ಊರು, ವಾಡೊ, ಹತ್ತಿರದ ಇಗರ್ಜಿ ಅಥವಾ ದೇವಸ್ಥಾನ. ನಂತರ ಎಷ್ಟು ಜನರಿಗೆ ಗಾಯ, ಅಪಾಯ ಇನ್ನೂ ಇದೆಯೇ ಎಂಬುದು. ಹಿಂದಿ ಬಾರದ ನಮ್ಮ ಹಿರಿಯರಿಗೆ ಎರಡು ಕೊಂಕಣಿ ಪದ ಕಲಿಸಿಡಿ: ರಕ್ತಕ್ಕೆ ‘ರಗತ’, ಸಹಾಯಕ್ಕೆ ‘ಮದತ’. ಫೋನ್ ನೀವಾಗಿ ಇಡಬೇಡಿ, ಸ್ಪೀಕರಿನಲ್ಲಿ ಹಾಕಿ ಪಕ್ಕಕ್ಕಿಟ್ಟು ಎರಡೂ ಕೈಗಳಿಂದ ಗಾಯವನ್ನು ಒತ್ತುತ್ತಿರಿ.