ಬುಷ್ ಹೇಳುವ ಚರಿತ್ರೆ: ಮನೆಯಲ್ಲೇ ಜೋಡಿಸಿದ ಲೋಟಸ್ ಸೆವೆನ್

ಗಾಡಿಯ ಕೆಳಗಿಂದ ಕಟಕಟ ಸದ್ದು ಬಂದರೆ ಗ್ಯಾರೇಜಿನವರು ಅಡಿಗೆ ನುಸುಳಿ, ಲಿವರ್ ಕೊಟ್ಟು ಎರಡು ಸಲ ಅಲ್ಲಾಡಿಸಿ, ‘ಬುಷ್ ಹೋಗಿದೆ’ ಎನ್ನುತ್ತಾರೆ. ಹೊರಗೊಂದು ಲೋಹದ ಕೊಳವೆ, ಒಳಗೊಂದು ಸಣ್ಣ ಕೊಳವೆ, ನಡುವೆ ರಬ್ಬರು. ಬುಷ್ ಎಂದರೆ ಇಷ್ಟೇ. ಚಕ್ರ ಹಿಡಿದ ತೋಳು ಚಾಸಿಗೆ ಸೇರುವ ಕಡೆ ಇದು ಕೂತಿರುತ್ತದೆ. ಕಾರಿನ ಬೆಲೆಯಲ್ಲಿ ಇದರ ಪಾಲು ಲೆಕ್ಕಕ್ಕೇ ಇಲ್ಲ. ಆದರೆ ಬ್ರಿಟನ್ನಿನ ಒಂದು ಪುಟ್ಟ ಕಾರಿನ ಚರಿತ್ರೆಯನ್ನು ಬುಷ್ ಬಿಟ್ಟು ಹೇಳಲು ಬರುವುದಿಲ್ಲ.

ಆ ಕಾರು ಲೋಟಸ್ ಸೆವೆನ್. ಎಂಜಿನಿಯರ್ ಕಾಲಿನ್ ಚಾಪ್‌ಮನ್ ಅದನ್ನು 1957ರಲ್ಲಿ ಹೊರತಂದರು. ಆಗ ಲೋಟಸ್ ದೊಡ್ಡ ಕಾರ್ಖಾನೆಯೇನಲ್ಲ. ಲಂಡನ್ನಿನ ಹಾರ್ನ್ಸಿಯಲ್ಲಿ ಚಾಪ್‌ಮನ್ ಅವರ ತಂದೆ ನಡೆಸುತ್ತಿದ್ದ ಹೋಟೆಲಿನ ಹಿಂದಿನ ಹಳೇ ಕುದುರೆ ಲಾಯದಲ್ಲಿ ಶುರುವಾದ ಕೆಲಸ ಅದು. ಉಕ್ಕಿನ ಕೊಳವೆಗಳ ಹಂದರ, ಮೇಲೆ ಅಲ್ಯೂಮಿನಿಯಂ ತಗಡು, ಇಬ್ಬರಿಗೆ ಜಾಗ. ತೂಕ ಸುಮಾರು 500 ಕೆ.ಜಿ.

ಬ್ರಿಟನ್ನಿನಲ್ಲಿ ಆಗ ಹೊಸ ಕಾರಿನ ಮೇಲೆ ಖರೀದಿ ತೆರಿಗೆಯ ಭಾರವಿತ್ತು. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಆ ತೆರಿಗೆ ಇಲ್ಲ. ಸಿದ್ಧ ಸೆವೆನ್ ಕಾರಿಗೆ ತೆರಿಗೆ ಸೇರಿ 1,036 ಪೌಂಡ್. ಪೆಟ್ಟಿಗೆಯಲ್ಲಿ ಬಂದ ಕಾರಿಗೆ 536 ಪೌಂಡ್. ಹೆಚ್ಚುಕಡಿಮೆ ಅರ್ಧ ಬೆಲೆ. ಸಂಬಳದ ಮೇಲೆ ಬದುಕುವ ಯುವಕನಿಗೂ ರೇಸಿನ ಕಾರು ಕೈಗೆಟುಕಿದ್ದು ಹೀಗೆ. ತೆರಿಗೆಯ ಒಂದು ಸಂದು ಸಾವಿರಾರು ಮನೆಗಳ ಶೆಡ್ಡನ್ನು ಗ್ಯಾರೇಜು ಮಾಡಿತು. ಬೋಲ್ಟು ಬಿಗಿಯುವ ಹೊಣೆ ಕಾರ್ಖಾನೆಯಿಂದ ಮಾಲೀಕನ ಕೈಗೆ ಬಂತು.

1960ರಲ್ಲಿ ಎರಡನೇ ಸರಣಿ ಬಂತು. ಖರ್ಚು ಇಳಿಸಲು ಹಿಂದಿನ ಆಕ್ಸಲನ್ನು ಸ್ಟ್ಯಾಂಡರ್ಡ್ ಕಂಪನಿಯ ‘ಕಂಪಾನಿಯನ್’ ಎಂಬ ಸಾಧು ಕುಟುಂಬದ ಕಾರಿನಿಂದ ತಂದರು. ಅದನ್ನು ಹಿಡಿದಿಡಲು ‘ಎ’ ಆಕಾರದ ಒಂದು ಚೌಕಟ್ಟು. ಅದರ ಎರಡು ಕಾಲು ಚಾಸಿಗೆ, ಚೂಪು ತುದಿ ಡಿಫರೆನ್ಷಿಯಲ್ ಪೆಟ್ಟಿಗೆಯ ಅಡಿಗೆ. ಆ ತುದಿಯಲ್ಲಿ ರಬ್ಬರ್ ಬುಷ್. ಕಾರು ತಿರುವಿನಲ್ಲಿ ಓಡುವಾಗ ಹಿಂಬದಿ ಅಡ್ಡಕ್ಕೆ ಜಾರದಂತೆ ತಡೆಯುವ ಪೂರ್ತಿ ಹೊರೆ ಈ ಒಂದೇ ಬಿಂದುವಿನ ಮೇಲೆ.

ವಿನ್ಯಾಸ ಹಗುರ, ಅಗ್ಗ, ಜಾಣತನದ್ದು. ಆದರೆ ಆಕ್ಸಲ್ ಹುಟ್ಟಿದ್ದು ನಿಧಾನದ ಸಂಸಾರಕ್ಕೆ. ರೇಸಿನ ಏಟಿಗೆ ಅದರ ಪೆಟ್ಟಿಗೆ ಬಾಗಿ ಆಯಿಲ್ ಸೋರತೊಡಗಿತು. ಸೋರಿದ ಆಯಿಲ್ ನೇರ ಅಡಿಯ ಬುಷ್ ಮೇಲೆ. ನೈಸರ್ಗಿಕ ರಬ್ಬರಿಗೆ ಆಯಿಲ್ ಎಂದರೆ ವಿಷ. ಉಬ್ಬಿ, ಮೆತ್ತಗಾಗಿ, ಹರಿಯುತ್ತದೆ. ಬುಷ್ ಸಡಿಲವಾದರೆ ಏಟು ಇನ್ನೂ ಜೋರು, ಪೆಟ್ಟಿಗೆಗೆ ಇನ್ನಷ್ಟು ಪೆಟ್ಟು, ಇನ್ನಷ್ಟು ಆಯಿಲ್. ಒಂದರ ಕೇಡು ಇನ್ನೊಂದನ್ನು ಸಾಕುವ ಚಕ್ರ ಇದು.

ಸುಲಭದ ಪರಿಹಾರ ಯಾರಿಗಾದರೂ ಹೊಳೆಯುತ್ತದೆ: ರಬ್ಬರಿನ ಬದಲು ಗಟ್ಟಿಯಾದದ್ದು ಹಾಕು. ಜರ್ಮನಿಯಲ್ಲಿ 1937ರಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು ಕಂಡುಹಿಡಿದ ಪಾಲಿಯುರೆಥೇನ್ ಇದಕ್ಕೆ ಒದಗಿ ಬಂತು. ಆಯಿಲ್‌ಗೆ ಅಷ್ಟು ಬೇಗ ಜಗ್ಗುವುದಿಲ್ಲ, ಬೇಕಾದಷ್ಟು ಗಡಸಾಗಿಯೂ ತಯಾರಿಸಬಹುದು. ಹಳೇ ಕಾರುಗಳಿಗೆ ‘ಪಾಲಿ ಬುಷ್’ ಹಾಕಿಸುವುದು ಮುಂದೆ ರೂಢಿಯೇ ಆಯಿತು.

ಮುಂದಿನ ಚಕ್ರಗಳ ವಿಶ್‌ಬೋನ್ ತೋಳುಗಳಲ್ಲಿ ಇದರ ಲಾಭ ನಿಜ. ಅಲ್ಲಿ ತೋಳು ಬಾಗಿಲಿನ ಹಾಗೆ ಒಂದೇ ಅಕ್ಷದಲ್ಲಿ ಮೇಲೆ ಕೆಳಗೆ ಆಡುತ್ತದೆ. ಬ್ರೇಕ್ ಒತ್ತಿದಾಗ ಮೆತ್ತನೆ ರಬ್ಬರು ಒತ್ತಿಕೊಂಡು ಚಕ್ರದ ಕೋನ ಬದಲಾಗುತ್ತಿತ್ತು. ಗಡಸು ಬುಷ್ ಅದನ್ನು ತಡೆಯಿತು. ಸ್ಟೀರಿಂಗ್ ಚುರುಕಾಯಿತು.

ಹಿಂದಿನ ಎ-ಚೌಕಟ್ಟಿನ ಮಾತು ಬೇರೆ. ಒಂದು ಚಕ್ರ ಗುಂಡಿಗೆ ಇಳಿದರೆ ಆಕ್ಸಲ್ ಓರೆಯಾಗಬೇಕು, ತುದಿಯ ಬುಷ್ ಅದಕ್ಕೆ ತಿರುಚಿಕೊಂಡು ದಾರಿ ಬಿಡಬೇಕು. ತೀರಾ ಗಡಸು ಬುಷ್ ದಾರಿ ಬಿಡದು. ಆಗ ಆ ತಿರುಚು ಎಲ್ಲಿಗೆ ಹೋಗಬೇಕು? ಡಿಫರೆನ್ಷಿಯಲ್ ಪೆಟ್ಟಿಗೆಗೆ, ಚಾಸಿನ ಬೆಸುಗೆಗೆ. ಬುಷ್ ಉಳಿಯಿತು, ಲೋಹ ಬಿರಿಯಿತು ಎಂದರೆ ಅದು ರಿಪೇರಿಯಲ್ಲ, ರೋಗದ ಜಾಗ ಬದಲಾಯಿತು ಅಷ್ಟೆ. ಸವೆದ ಬುಷ್ ಸದ್ದು ಮಾಡಿ ಎಚ್ಚರಿಸುತ್ತದೆ. ಬೆಸುಗೆಯ ಬಿರುಕು ತಿರುವಿನ ನಡುವೆ ಒಮ್ಮೆಲೇ ಬಾಯಿ ಬಿಡಬಹುದು. ಕೂತವರ ಜೀವದ ಪ್ರಶ್ನೆ ಅದು.

ಬಿಗಿಯುವುದರಲ್ಲೂ ಒಂದು ಪಾಠವಿದೆ. ಲೋಹಕ್ಕೆ ಅಂಟಿಸಿದ ರಬ್ಬರ್ ಬುಷ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಗಾಳಿಯಲ್ಲಿ ನೇತಾಡುವಾಗ ಬೋಲ್ಟು ಬಿಗಿದರೆ, ಕಾರು ನೆಲಕ್ಕಿಳಿದ ಗಳಿಗೆಯಿಂದಲೇ ರಬ್ಬರು ಹಿಂಡಿದ ಬಟ್ಟೆಯಂತೆ ನಿಂತಿರುತ್ತದೆ, ಬೇಗ ಹರಿಯುತ್ತದೆ. ಚಕ್ರ ನೆಲದ ಮೇಲಿದ್ದು, ಸೀಟಿನಲ್ಲಿ ಆಳಿನ ತೂಕ ಇಟ್ಟು ಕೊನೆಯ ಬಿಗಿ ಕೊಡಬೇಕು. ಇಷ್ಟು ಹಗುರ ಕಾರಿನಲ್ಲಿ ಒಬ್ಬ ಮನುಷ್ಯನ ತೂಕವೂ ಸಣ್ಣದಲ್ಲ. ಪಾಲಿ ಬುಷ್ ಇದಕ್ಕೆ ತದ್ವಿರುದ್ಧ: ಒಳಗಿನ ಕೊಳವೆಯ ಮೇಲೆ ಜಾರುತ್ತದೆ, ಗ್ರೀಸ್ ಒಣಗಿದರೆ ಕಿರುಗುಡುತ್ತದೆ.

1973ರಲ್ಲಿ ಬ್ರಿಟನ್ ಖರೀದಿ ತೆರಿಗೆ ತೆಗೆದು ವ್ಯಾಟ್ ತಂದಿತು. ಪೆಟ್ಟಿಗೆ ಕಾರಿನ ತೆರಿಗೆ ಲಾಭ ಅಲ್ಲಿಗೆ ಮುಗಿಯಿತು. ಲೋಟಸ್ ಸೆವೆನ್ ಅನ್ನು ಕೈಬಿಟ್ಟಿತು. ಡೀಲರ್ ಆಗಿದ್ದ ಕೇಟರಮ್ ಕಂಪನಿಯ ಗ್ರಹಾಂ ನಿಯರ್ನ್ ಅದೇ ವರ್ಷ ತಯಾರಿಕೆಯ ಹಕ್ಕು ಪಡೆದರು. ತೆರಿಗೆಯ ನೆಪ ಹೋದರೂ ಮನೆಯಲ್ಲಿ ಜೋಡಿಸುವ ಆಸೆ ಹೋಗಲಿಲ್ಲ. 1980ರ ದಶಕದ ನಡುವೆ ಕೇಟರಮ್ ಹಿಂಬದಿಗೆ ಡಿ ಡಿಯನ್ ವ್ಯವಸ್ಥೆ ತಂದಿತು. ಡಿಫರೆನ್ಷಿಯಲ್ ಚಾಸಿಗೆ ಕಚ್ಚಿಕೊಂಡಿತು. ಚಕ್ರಗಳನ್ನು ಜೋಡಿಸಲು ಬೇರೆಯೇ ಕೊಳವೆ. ಪೆಟ್ಟಿಗೆಯ ಮೇಲಿನ ಹೊರೆ ಇಳಿಯಿತು. ಗಡಸು ರಬ್ಬರಿನಿಂದ ಆಗದ ಕೆಲಸ ಹೊರೆಯ ದಾರಿ ಬದಲಿಸಿದ್ದರಿಂದ ಆಯಿತು.

ಈ ಕಥೆಗೆ ನಮ್ಮ ಕಡೆಯ ಒಂದು ಕೊಂಡಿಯೂ ಇದೆ. ಸೆವೆನ್‌ಗೆ ಬಿಡಿಭಾಗ ಕೊಟ್ಟ ಸ್ಟ್ಯಾಂಡರ್ಡ್-ಟ್ರಯಂಫ್ ಬಳಗದ ಹೆರಾಲ್ಡ್ ಕಾರನ್ನೇ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1960ರ ದಶಕದಲ್ಲಿ ಇಲ್ಲಿ ತಯಾರಿಸಿ ಮಾರಿತು. ನಮ್ಮ ಹಿರಿಯರ ನೆನಪಿನ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಅದೇ. ಅಲ್ಲಿ ರೇಸಿಗೆ ಓಡಿದ ಕಾರಿನ ನೆಂಟ ಇಲ್ಲಿ ಮದುವೆ ದಿಬ್ಬಣಕ್ಕೆ ಓಡಿತು.

ಮುಂದಿನ ಸಲ ಯಾರಾದರೂ ‘ಇದಕ್ಕಿಂತ ಗಟ್ಟಿಯಾದದ್ದು ಹಾಕಿಬಿಡೋಣ’ ಎಂದರೆ ಒಂದು ಮಾತು ಕೇಳಿ: ಇದು ಜಗ್ಗದಿದ್ದರೆ ಯಾವುದು ಜಗ್ಗುತ್ತದೆ? ಸೆವೆನ್ ಮಾಲೀಕರು ತಮ್ಮ ಶೆಡ್ಡಿನಲ್ಲಿ, ತಮ್ಮದೇ ದುಡ್ಡು ಕಳೆದುಕೊಂಡು ಕಲಿತ ಪ್ರಶ್ನೆ ಅದು.