ಪರಿಚಾರಕನ ಶೌಚ

ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳುಂಟೆಂಬುದು ಆಯುರ್ವೇದದಲ್ಲಿ ಪ್ರಸಿದ್ಧವಾದ ಸಿದ್ಧಾಂತ. ಇವುಗಳಲ್ಲಿ ಪರಿಚಾರಕನಿಗೆ ಹೇಳಿರುವ ‘ಶೌಚ’ವೆಂಬ ಗುಣದ ಅರ್ಥವೇನೆಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಚರಕಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯವು ಉಪಚಾರಜ್ಞಾನ, ದಕ್ಷತೆ, ಒಡೆಯನಲ್ಲಿ ಅನುರಾಗ, ಶೌಚ ಎಂಬ ನಾಲ್ಕು ಗುಣಗಳನ್ನು ವಿಧಿಸುವುದು. ಸುಶ್ರುತಸಂಹಿತೆಯ ಸೂತ್ರಸ್ಥಾನದ 34ನೆಯ ಅಧ್ಯಾಯದಲ್ಲಾದರೋ ಸ್ನೇಹ, ಬಲ, ರೋಗಿರಕ್ಷಣೆಯಲ್ಲಿ ಎಚ್ಚರ, ವೈದ್ಯವಾಕ್ಯಪಾಲನೆ, ದಣಿವಿಲ್ಲದಿರುವಿಕೆ ಇವುಗಳೊಡನೆ ‘ಅಜುಗುಪ್ಸು’, ಎಂದರೆ ಹೇಸದವನು, ಎಂಬ ವಿಶೇಷಣವಿದೆ, ಶೌಚದ ಹೆಸರಿಲ್ಲ. ವಾಗ್ಭಟನು ಅಷ್ಟಾಂಗಹೃದಯದ ಪರಿಚಾರಕಲಕ್ಷಣದಲ್ಲಿ ಶುಚಿತ್ವವನ್ನು ಹೇಳಿ ಅಜುಗುಪ್ಸೆಯನ್ನು ಬಿಟ್ಟಿರುವನು. ಹಾಗಾದರೆ ಇವೆರಡೂ ಪರಸ್ಪರವಿರುದ್ಧವೆ? ಶುಚಿಯಾಗಿರಬೇಕಾದವನು ಮಲಮೂತ್ರಾದಿಗಳನ್ನು ಮುಟ್ಟಬಹುದೆ? ಮಡಿಮೈಲಿಗೆಗಳಲ್ಲಿ ಬೆಳೆದ ನಮಗೆ ಈ ಶಂಕೆ ಸಹಜವಾದುದು.

ಪರಿಹಾರವು ಚರಕಸಂಹಿತೆಯಲ್ಲಿಯೇ ಇದೆ. ಅದರ ಸೂತ್ರಸ್ಥಾನದ 15ನೆಯದಾದ ಉಪಕಲ್ಪನೀಯಾಧ್ಯಾಯವು ವಮನವಿರೇಚನಗಳಿಗೆ ಮೊದಲು ಅಣಿಮಾಡಬೇಕಾದ ಗೃಹವನ್ನೂ ಸಾಮಗ್ರಿಗಳನ್ನೂ ಜನರನ್ನೂ ವಿವರಿಸುವುದು. ಅಲ್ಲಿಯ ಪರಿಚಾರಕರು ಶೀಲ, ಶೌಚ, ಆಚಾರಗಳುಳ್ಳವರು. ಅನ್ನ ಸೂಪಗಳನ್ನು ಬೇಯಿಸುವವರು, ಮೀಯಿಸುವವರು, ಮೈಯೊತ್ತುವವರು, ರೋಗಿಯನ್ನು ಎಬ್ಬಿಸುವವರು, ಮಲಗಿಸುವವರು, ಔಷಧವನ್ನು ಅರೆಯುವವರು ಇವರೇ; ಇವರು ಯಾವ ಕೆಲಸಕ್ಕೂ ಒಲ್ಲೆನೆನ್ನದವರಾಗಿರಬೇಕು. ವಾಂತಿಭೇದಿಗಳ ಪ್ರಕರಣದಲ್ಲಿಯೇ ಶೌಚವನ್ನು ವಿಧಿಸಿರುವುದರಿಂದ, ಅದು ರೋಗಿಯಿಂದ ದೂರ ನಿಲ್ಲುವ ಮಡಿಯಲ್ಲ, ರೋಗಿಯನ್ನು ಮುಟ್ಟಲು ಅರ್ಹತೆಯನ್ನು ಕೊಡುವ ನೈರ್ಮಲ್ಯವೆಂದು ಸಿದ್ಧವಾಗುವುದು. ಚರಕನ ಶೌಚವೂ ಸುಶ್ರುತನ ಅಜುಗುಪ್ಸೆಯೂ ಒಂದಕ್ಕೊಂದು ಪೂರಕವಾದುವುಗಳೇ ಹೊರತು ಬಾಧಕವಲ್ಲ.

ವೇಷದ ವಿಷಯದಲ್ಲಿಯೂ ಇದೇ ನ್ಯಾಯ. ಸುಶ್ರುತಸಂಹಿತೆಯ ಸೂತ್ರಸ್ಥಾನದ 10ನೆಯ ಅಧ್ಯಾಯವು ವೈದ್ಯನಿಗೆ ಕತ್ತರಿಸಿದ ಉಗುರುಕೂದಲು, ಬಿಳಿಯ ವಸ್ತ್ರ, ಆಡಂಬರವಿಲ್ಲದ ವೇಷ ಇವುಗಳನ್ನು ಹೇಳಿದೆ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣಶಾಲೆಯನ್ನು ಸ್ಥಾಪಿಸಿದ ಫ್ಲಾರೆನ್ಸ್ ನೈಟಿಂಗೇಲ್ ಮಹಾಶಯೆಯೂ ತಮ್ಮ ಶುಶ್ರೂಷಾಗ್ರಂಥದಲ್ಲಿ, ರೇಷ್ಮೆಯ ಉಡುಪಿನ ಸರಸರ ಶಬ್ದವು ರೋಗಿಯನ್ನು ಪೀಡಿಸುವುದೆಂದೂ ದಾದಿಯು ಪದೇ ಪದೇ ಕೈತೊಳೆಯಬೇಕೆಂದೂ ವಿಧಿಸಿರುವರು. ಕಾಲದೇಶಗಳು ಬೇರೆಯಾದರೂ ಎರಡೆಡೆಯಲ್ಲಿಯೂ ವೇಷಾಚಾರಗಳಿಗೆ ರೋಗಿಯ ಹಿತವೇ ಪ್ರಮಾಣ.

ಶುಶ್ರೂಷೆಯು ಹೀನವೃತ್ತಿಯೆಂದು ಕೆಲವರು ಆಡುವ ಮಾತಿಗೆ ಈ ಗ್ರಂಥಗಳ ಆಧಾರವಿಲ್ಲ. ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಒಂದೆಂದು ಎಣಿಸಿದುದನ್ನು ಹೀನವೆನ್ನುವುದೆಂತು? ಆದುದರಿಂದ ಅಧ್ಯಾಪಕರು ಈ ಸ್ಥಳಗಳನ್ನು ಪಾಠಹೇಳುವಾಗ ಶೌಚವನ್ನು ಮಡಿಯೆಂದು ಅನುವಾದಿಸದೆ, ಅಜುಗುಪ್ಸೆಯೊಡನೆ ಸೇರಿಸಿಯೇ ಅರ್ಥೈಸುವುದು ಯುಕ್ತವೆಂದು ತೋರುವುದು.